ಸೋಪು ನಮ್ಮದು, ಹೆಸರು ಯಾರದು?

ಮಲೆನಾಡಿನ ಅಂಗಡಿಗಳ ಕಪಾಟು ಈಗ ಮೊದಲಿನಂತಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಜೇನುತುಪ್ಪ, ಜೋನಿಬೆಲ್ಲ, ಮುರುಗಲ ಶರಬತ್ತು ಇವುಗಳ ಪಕ್ಕದಲ್ಲಿ ಕೈಯಲ್ಲಿ ಮಾಡಿದ ಸೋಪೂ ಬಂದು ಕುಳಿತಿದೆ. ಸಾಗರವಾಗಲಿ, ಹೊಸನಗರವಾಗಲಿ, ತೀರ್ಥಹಳ್ಳಿಯಾಗಲಿ, ಮನೆಯ ಹಿತ್ತಿಲಲ್ಲಿ ಎಣ್ಣೆ ಕಾಸಿ, ಅಚ್ಚಿಗೆ ಹೊಯ್ದು, ತುಂಡು ಕತ್ತರಿಸಿ ಮಾರುವುದು ಒಂದು ಉಪಕಸುಬಾಗಿ ಬೆಳೆಯುತ್ತಿದೆ. ಅಡಿಕೆಯ ದರ ಏರುತ್ತ ಇಳಿಯುತ್ತ ಇರುವ ಸೀಮೆಯಲ್ಲಿ ಮನೆಗೆ ನಾಲ್ಕು ಕಾಸು ತರುವ ಕೆಲಸ ಯಾವುದಾದರೂ ಸ್ವಾಗತವೇ.

ಆದರೆ ಆ ಸೋಪುಗಳನ್ನು ಒಂದು ಸಾಲಿನಲ್ಲಿಟ್ಟು ನೋಡಿ. ಎಲ್ಲದರ ಮೇಲೂ ಒಂದು ಹಸಿರು ಎಲೆ. ಎಲೆಯ ತುದಿಗೆ ಒಂದು ನೀರಿನ ಹನಿ. ಕೆಳಗೆ 'ಮಲ್ನಾಡ್' ಎಂಬ ಒಂದು ಪದ, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಯಾವುದು ಯಾರ ಸೋಪು ಎಂದು ಮಾಡಿದವರಿಗೇ ಗುರುತು ಸಿಗಬೇಕಾದರೆ ಮೂಸಿ ನೋಡಬೇಕು!

ಇದರಲ್ಲೇನು ತಪ್ಪು ಮಾರಾಯ್ರೆ, ಸೋಪು ಚೆನ್ನಾಗಿದ್ದರೆ ಸಾಲದೇ ಎಂದು ಕೇಳಬಹುದು. ಸಾಲದು. ಏಕೆಂದು ನೋಡೋಣ.

ಎರಡನೇ ಸೋಪಿನ ಪ್ರಶ್ನೆ

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಸಿಗಂದೂರಿಗೆ ಲಾಂಚಿಗಾಗಿ ಕಾಯುವುದು ತಪ್ಪಿತು. ಜೋಗ, ಇಕ್ಕೇರಿ, ಕೊಡಚಾದ್ರಿ, ನಗರದ ಕೋಟೆ, ಕುಪ್ಪಳಿ, ಆಗುಂಬೆ ಎಂದು ಹೊರಟ ಜನ ದಾರಿಯಲ್ಲಿ ಬಸ್ಸು, ಕಾರು ನಿಲ್ಲಿಸಿ ಒಂದು ಸೋಪು ಕೊಳ್ಳುತ್ತಾರೆ. ಬೆಂಗಳೂರಿಗೆ ಹೋಗಿ ಮೈಗೆ ಹಚ್ಚುತ್ತಾರೆ. ಹಿಡಿಸುತ್ತದೆ. ತಿಂಗಳೊಳಗೆ ಸೋಪು ಕರಗಿ ಹೋಗುತ್ತದೆ.

ಆಮೇಲೆ? ಎರಡನೇ ಸೋಪಿಗಾಗಿ ಅವರು ಮತ್ತೆ ಸಾಗರದ ಬಸ್ಸು ಹತ್ತುತ್ತಾರೆಯೇ? ಹೆಸರು ನೆನಪಿದ್ದರೆ ಮೊಬೈಲಿನಲ್ಲಿ ಹುಡುಕುತ್ತಾರೆ. ಹೆಸರೇ ನೆನಪಿರದಿದ್ದರೆ, ಇಲ್ಲವೇ ಅದೇ ಹೆಸರಿನ ಹತ್ತು ಸೋಪು ಕಣ್ಣಿಗೆ ಬಿದ್ದರೆ, ಬೇರೆ ಯಾರದನ್ನೋ ಕೊಳ್ಳುತ್ತಾರೆ. ಮೊದಲ ಸೋಪನ್ನು ಅಂಗಡಿಯವರು ಮಾರಿ ಕೊಡುತ್ತಾರೆ. ಎರಡನೆಯದನ್ನು ಮಾರಬೇಕಾದ್ದು ಹೆಸರು ಮತ್ತು ವೆಬ್‌ಸೈಟು. 'ಬ್ರ್ಯಾಂಡು' ಎಂದು ಪೇಟೆಯ ಜನ ಹೇಳುವ ದೊಡ್ಡ ಮಾತಿನ ತಿರುಳು ಇಷ್ಟೇ.

ಹೆಸರಿಲ್ಲದವರ ಗತಿ ಏನಾಗುತ್ತದೆ ಎಂಬುದೂ ಗುಟ್ಟಲ್ಲ. ಸೋಪನ್ನು ಬರಿದಾಗಿ, ಕಿಲೋ ಲೆಕ್ಕದಲ್ಲಿ ಕೊಂಡು, ತಮ್ಮ ಚೀಟಿ ಅಂಟಿಸಿ ಮಾರುವ ಪದ್ಧತಿ ಈ ವ್ಯಾಪಾರದಲ್ಲಿ ಎಲ್ಲ ಕಡೆಯೂ ಇದೆ. ಹಳ್ಳಿಯವರು 50 ರೂಪಾಯಿಗೆ ಕೊಟ್ಟ ಸೋಪು ಚೀಟಿ ಅಂಟಿದ ಮೇಲೆ 150 ರೂಪಾಯಿಗೆ ಹೋಯಿತು ಎಂದಿಟ್ಟುಕೊಳ್ಳಿ. ನಡುವಿನ 100 ರೂಪಾಯಿ ಎಣ್ಣೆಗೆ ಬಂದದ್ದಲ್ಲ, ಕೈಕೆಲಸಕ್ಕೆ ಬಂದದ್ದೂ ಅಲ್ಲ. ಅದು ಹೆಸರಿಗೆ ಬಂದ ಹಣ. ಹೆಸರು ಯಾರದೋ, ಹಣ ಅವರದು.

ಶರಭ ಕಲಿಸಿದ ಪಾಠ

ಸೋಪಿಗೆ ಹೆಸರು ಕಟ್ಟುವುದು ಕನ್ನಡ ನಾಡಿಗೆ ಹೊಸ ವಿದ್ಯೆಯಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಮೈಸೂರಿನ ಶ್ರೀಗಂಧದ ಮರ ವಿದೇಶಕ್ಕೆ ಹೋಗುವುದು ನಿಂತಿತು. ಕೊರಡು ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ ವಿಶ್ವೇಶ್ವರಯ್ಯನವರು ಇಲ್ಲೇ ಎಣ್ಣೆ ತೆಗೆಸುವ ಏರ್ಪಾಡು ಮಾಡಿದರು. 1916ರಲ್ಲಿ ಆರಂಭವಾದ ಆ ಉದ್ಯಮದಿಂದಲೇ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಸೋಪಿನ ಹದ, ಪರಿಮಳ ಕುದುರಿಸಿದವರು ಎಸ್.ಜಿ. ಶಾಸ್ತ್ರಿಗಳು. ಅದಕ್ಕಾಗಿಯೇ ಅವರನ್ನು ಇಂಗ್ಲೆಂಡಿಗೆ ಕಳಿಸಲಾಗಿತ್ತು. ಜನರ ಬಾಯಲ್ಲಿ ಅವರು 'ಸೋಪು ಶಾಸ್ತ್ರಿ'ಗಳೇ ಆದರು.

ಆಗ ಬಹುತೇಕ ಸೋಪುಗಳು ಇಟ್ಟಿಗೆಯ ಹಾಗೆ ಚೌಕವಾಗಿದ್ದರೆ, ಇದು ಮೊಟ್ಟೆಯ ಹಾಗೆ ಅಂಡಾಕಾರ. ಪೆಟ್ಟಿಗೆ ಒಡವೆಯ ಡಬ್ಬಿಯಂತೆ. ಗುರುತಿಗೆ ಆನೆಯ ತಲೆ, ಸಿಂಹದ ಮೈಯ ಶರಭ. ಓದು ಬಾರದವರೂ ಗುರುತು ಹಿಡಿದು ಕೇಳಿ ಕೊಳ್ಳಬಹುದಾಗಿತ್ತು. ನಮ್ಮ ಶಿವಮೊಗ್ಗಕ್ಕೂ ಈ ಕಥೆಯಲ್ಲಿ ಪಾಲುಂಟು; 1944ರಲ್ಲಿ ಇನ್ನೊಂದು ಗಂಧದೆಣ್ಣೆ ಕಾರ್ಖಾನೆ ಬಂದದ್ದು ಅಲ್ಲಿಗೇ. 1980ರಲ್ಲಿ ಇವೆಲ್ಲ ಸೇರಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಎಂಬ ಕಂಪನಿಯಾಯಿತು. 2006ರಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

2025ರ ಮೇ ತಿಂಗಳಲ್ಲಿ ಇದೇ ಸೋಪಿಗೆ ಚಿತ್ರನಟಿಯೊಬ್ಬರನ್ನು 2 ವರ್ಷಕ್ಕೆ 6.20 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ ರಾಜ್ಯದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಹೊಸನಗರದ ಸಂಘದ ಹೆಂಗಸರ ಹತ್ತಿರ 6 ಕೋಟಿ ಎಲ್ಲಿಂದ ಬರಬೇಕು? ಬೇಕಾಗಿಯೂ ಇಲ್ಲ. ನಟಿ ಬರುವುದಕ್ಕೆ ನೂರು ವರ್ಷ ಮೊದಲೇ ಆ ಸೋಪನ್ನು ಆಕಾರ, ಡಬ್ಬಿ, ಗುರುತು ಈ ಮೂರು ಹೊತ್ತು ನಡೆಸಿದ್ದವು. ಆ ಮೂರಕ್ಕೆ ಬೇಕಾದ್ದು ಬುದ್ಧಿ.

ಹತ್ತಿರದ ಉದಾಹರಣೆ ಬೇಕೆಂದರೆ ಸಾಗರ ತಾಲ್ಲೂಕಿನಲ್ಲೇ ಇದೆ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳ್ತನದಲ್ಲಿ ಕಟ್ಟಿದ 'ಚರಕ' ಮಹಿಳಾ ಸಹಕಾರ ಸಂಘ ಕೈಮಗ್ಗದ ಬಟ್ಟೆಗೆ ಅಡಿಕೆಯ ಚೊಗರಿನಂಥ ಬಣ್ಣ ಹಾಕಿತು. 'ದೇಸಿ' ಎಂಬ ಎರಡಕ್ಷರದ ಹೆಸರಲ್ಲಿ ಬೆಂಗಳೂರಿನಲ್ಲಿ ಮಾರಿತು. ಚೊಗರು ಎಂದರೆ ಹಿತ್ತಿಲ ಸರಕು, ಅದೇ ಗುರುತಾಯಿತು. 2020ರಲ್ಲಿ ಆ ಸಂಸ್ಥೆ ಹಣಕಾಸಿನ ಸಂಕಷ್ಟಕ್ಕೆ ಸಿಲುಕಿದ್ದು ಸುದ್ದಿಯಾಗಿತ್ತು ಎಂಬುದನ್ನೂ ಮರೆಯಬಾರದು. ಹೆಸರು ಇದ್ದ ಮಾತ್ರಕ್ಕೆ ವ್ಯಾಪಾರದ ಏರಿಳಿತ ತಪ್ಪದು.

ಹೆಸರಿಡುವುದು ಹೇಗೆ?

1999ರ ಟ್ರೇಡ್ ಮಾರ್ಕ್ ಕಾಯಿದೆಯಡಿ ಸೋಪು ಬರುವುದು 3ನೇ ವರ್ಗದಲ್ಲಿ. ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ 4,500 ರೂಪಾಯಿ. ನೋಂದಣಿ ಸಿಕ್ಕರೆ 10 ವರ್ಷ, ಆಮೇಲೆ ನವೀಕರಣ. ಆದರೆ ಬರೀ ಊರಿನ ಹೆಸರು, ಬರೀ ಸರಕಿನ ಗುಣ ಹೇಳುವ ಹೆಸರು ಇವಕ್ಕೆ ನೋಂದಣಿ ಸುಲಭವಾಗಿ ಸಿಗುವುದಿಲ್ಲ. 'ಮಲ್ನಾಡ್ ಸೋಪ್', 'ಶುದ್ಧ ಸೋಪು' ಎಂದು ಹೆಸರಿಟ್ಟವರು ನಾಳೆ ಪಕ್ಕದ ಮನೆಯವರೂ ಅದನ್ನೇ ಇಟ್ಟರೆ ಕೂಗಾಡಿ ಪ್ರಯೋಜನವಿಲ್ಲ. ಮಲೆನಾಡು ಎಲ್ಲರದು!

ಬದಲಿಗೆ ಮನೆಮಾತಿನ ಒಂದು ಪದ ಹಿಡಿಯಬೇಕು. ಹಂಡೆ, ಬಚ್ಚಲೊಲೆ, ಸೋಗೆ, ಜಡಿಮಳೆ, ಹೀಗೆ ನಮ್ಮವರ ಬಾಯಲ್ಲಿರುವ, ಆದರೆ ಸೋಪಿಗೆ ಯಾರೂ ಇಡದ ಪದಗಳಿಗೆ ಬರವೇ? ಇಡುವ ಮೊದಲು ಅದು ಬೇರೆಯವರ ಹೆಸರಲ್ಲಿ ಉಂಟೇ ಎಂದು ಟ್ರೇಡ್ ಮಾರ್ಕ್ ನೋಂದಣಿಯ ಜಾಲತಾಣದಲ್ಲಿ ಹುಡುಕಬಹುದು, ಅದಕ್ಕೆ ಕಾಸು ಬೇಡ.

ಗುರುತು ಬರೆಸುವಾಗ ಮೂರು ಪರೀಕ್ಷೆ. ಒಂದೇ ಬಣ್ಣದಲ್ಲಿ ಅಚ್ಚಾದರೂ ತಿಳಿಯಬೇಕು. ಹೆಬ್ಬೆರಳ ಉಗುರಿನಷ್ಟು ಚಿಕ್ಕದಾದರೂ ಕಾಣಬೇಕು. ಮೊಬೈಲಿನಲ್ಲಿ ಅದು ಅಷ್ಟೇ ದೊಡ್ಡದು. ಸೋಪಿನ ಮೈಮೇಲೆ ಒತ್ತಿದರೂ ಮೂಡಬೇಕು. ಕೊನೆಯದಕ್ಕೆ ಸಾಗರದವರು ದೂರ ಹೋಗಬೇಕಿಲ್ಲ. ಶ್ರೀಗಂಧದಲ್ಲಿ, ಶಿವನೆ ಮರದಲ್ಲಿ ತಲೆತಲಾಂತರದಿಂದ ಕೆತ್ತನೆ ಮಾಡಿಕೊಂಡು ಬಂದ ಗುಡಿಗಾರರು ಇಲ್ಲೇ ಇದ್ದಾರೆ. ಒಂದು ಮರದ ಅಚ್ಚು ಕೆತ್ತಿಸಿದರೆ ಅಂಥದು ಬೇರೆ ಯಾವ ಊರಿನ ಸೋಪಿಗೂ ಇರದು. ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುವ ಹಸಿರೆಲೆಗಿಂತ ಅದು ಸಾವಿರ ಪಾಲು ಮೇಲು.

ಚೀಟಿ ಸುಳ್ಳು ಹೇಳಬಾರದು

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ ಎಂಬ ಗಾದೆ ಸೋಪಿಗೂ ಸಲ್ಲುತ್ತದೆ.

'ರಾಸಾಯನಿಕ ಮುಕ್ತ' ಎಂದು ದಪ್ಪಕ್ಷರದಲ್ಲಿ ಹಾಕುವವರಿದ್ದಾರೆ. ಕಾಸ್ಟಿಕ್ ಸೋಡಾ ಇಲ್ಲದೆ ಗಟ್ಟಿ ಸೋಪು ಹುಟ್ಟುವುದೇ ಇಲ್ಲ. 1 ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಸೋಡಾ ಬೇಕು. ತುಸು ಎಣ್ಣೆ ಉಳಿಯಲಿ ಎಂದು ಜಾಣರು ಅದಕ್ಕಿಂತ ಸ್ವಲ್ಪ ಕಡಿಮೆ ಹಾಕುತ್ತಾರೆ. ಹದವಾಗಿ ಮಾಡಿದ ಸೋಪಿನಲ್ಲಿ ಸೋಡಾ ಸೋಡಾ ಆಗಿ ಉಳಿಯದು, ಎಣ್ಣೆಯ ಜೊತೆ ಕೂಡಿ ಸೋಪೇ ಆಗುತ್ತದೆ. ಇದನ್ನೇ ನೇರವಾಗಿ ಬರೆದರೆ ಗಿರಾಕಿಗೆ ನಂಬಿಕೆ ಹೆಚ್ಚುತ್ತದೆ.

ಅರಿಸಿನದ ಸೋಪಿನ ಚಿತ್ರ ನಿಂಬೆಹಣ್ಣಿನಂತೆ ಹಳದಿಯಾಗಿ ಹೊಳೆಯುತ್ತಿದ್ದರೆ ಅನುಮಾನ ಪಡಬೇಕು. ಅರಿಸಿನಕ್ಕೆ ಸುಣ್ಣ ಬಿದ್ದರೆ ಓಕುಳಿ ಕೆಂಪಾಗುತ್ತದೆ ಎಂಬುದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತು. ಸೋಡಾ ಬಿದ್ದರೂ ಅದೇ ಕಥೆ. ಹಸಿ ಸೊಪ್ಪಿನ ರಸ ಸೋಪಿನಲ್ಲಿ ಕಂದು ತಿರುಗುತ್ತದೆ. ಗಿಳಿಹಸಿರು ಉಳಿದಿದೆ ಎಂದರೆ ಬಣ್ಣ ಬೇರೆ ಬಿದ್ದಿದೆ ಎಂದೇ ಲೆಕ್ಕ.

ಇನ್ನು ಶ್ರೀಗಂಧ. ಅಸಲಿ ಗಂಧದೆಣ್ಣೆ ಕಿಲೋಗೆ ಲಕ್ಷ ರೂಪಾಯಿ ದಾಟಿದ ಸರಕು. ಗ್ರಾಂಗೆ 100 ರೂಪಾಯಿಗೂ ಮೇಲಾಯಿತು. 100 ಗ್ರಾಂ ಸೋಪಿಗೆ ನೂರಕ್ಕೆ ಒಂದು ಪಾಲು ಹಾಕಿದರೂ ಎಣ್ಣೆಯ ಖರ್ಚೇ ನೂರು ಮೀರುತ್ತದೆ. 60 ರೂಪಾಯಿಯ 'ಅಪ್ಪಟ ಗಂಧದ ಸೋಪಿ'ನಲ್ಲಿ ಗಂಧ ಎಷ್ಟಿದ್ದೀತು, ನೀವೇ ಹೇಳಿ!

ಹಾಗಾದರೆ ಹೇಳಿಕೊಳ್ಳುವುದಕ್ಕೆ ಏನಿದೆ? ಬೇಕಾದಷ್ಟಿದೆ. ಮುರುಗಲ ಬೀಜದ ತುಪ್ಪ, ಉಪ್ಪಾಗೆ ತುಪ್ಪ, ಅಂಟುವಾಳ, ಸೀಗೆ ಇವೆಲ್ಲ ಈ ಮೂರು ತಾಲ್ಲೂಕಿನ ಕಾಡು, ಹಿತ್ತಿಲಿನದು. ಕಾರ್ಖಾನೆಗಳು ಸೋಪಿನಿಂದ ಗ್ಲಿಸರಿನ್ ಬೇರ್ಪಡಿಸಿ ಮಾರುವುದುಂಟು; ಕೈಸೋಪಿನಲ್ಲಿ ಅದು ಅಲ್ಲೇ ಉಳಿಯುತ್ತದೆ. ಇದು ನಿಜ, ಇದನ್ನು ಧೈರ್ಯವಾಗಿ ಬರೆಯಬಹುದು. ಕಜ್ಜಿ, ತೊನ್ನು ವಾಸಿಯಾಗುತ್ತದೆ ಎಂದು ಮಾತ್ರ ಬರೆಯಬಾರದು. ರೋಗ ಗುಣಪಡಿಸುತ್ತೇನೆಂದರೆ ಸೋಪು ಔಷಧಿಯ ಕಾನೂನಿಗೆ ಸಿಕ್ಕಿಬೀಳುತ್ತದೆ. 'ಪರಿಸರಸ್ನೇಹಿ' ಎಂಬ ಮಾತಿಗೂ ಈಗ ಆಧಾರ ಬೇಕು. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿದೆ.

ಮಳೆಗಾಲದ ತೂಕ

ಬೆಂಗಳೂರಿನ ಕಲಾವಿದರು ಬರೆದುಕೊಡುವ ಚೆಂದದ ಚೀಟಿ ಆಗುಂಬೆಯ ಆಷಾಢದಲ್ಲಿ ಉಳಿಯುತ್ತದೆಯೇ ಎಂದು ಯಾರೂ ಯೋಚಿಸುವುದಿಲ್ಲ. ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಸೋಪು ಬೆವರುತ್ತದೆ. ಕಾಗದ ಒದ್ದೆಯಾಗುತ್ತದೆ, ಶಾಯಿ ಹರಡುತ್ತದೆ, ಅಡಿಕೆ ಹಾಳೆಯ ಡಬ್ಬಿಗೆ ಬೂಷ್ಟು ಹಿಡಿಯುತ್ತದೆ. ಒಳಗೊಂದು ಬೆಣ್ಣೆಕಾಗದ, ಹೊರಗೆ ನೀರಿಗೆ ಅಳಿಯದ ಶಾಯಿ, ಇಷ್ಟಾದರೂ ಬೇಕು. ಜೂನ್‌ನಲ್ಲಿ ಒಂದು ತಿಂಗಳು ಅಂಗಡಿಯ ಕಪಾಟಿನಲ್ಲಿಟ್ಟು ನೋಡಿ ಆಮೇಲೆ ಸಾವಿರಗಟ್ಟಲೆ ಅಚ್ಚು ಹಾಕಿಸುವುದು ಲೇಸು.

ತೂಕದ್ದು ಇನ್ನೊಂದು ಫಜೀತಿ. ಕೈಸೋಪು 4ರಿಂದ 6 ವಾರ ಒಣಗಬೇಕು. ಒಣಗುತ್ತ ನೀರು ಆರಿ ತೂಕ ಇಳಿಯುತ್ತದೆ. ಕತ್ತರಿಸಿದ ದಿನ 100 ಗ್ರಾಂ ಇದ್ದದ್ದು ಮಾರುವ ದಿನ ಅಷ್ಟಿರುವುದಿಲ್ಲ. ಚೀಟಿಯಲ್ಲಿ 100 ಗ್ರಾಂ ಎಂದಿದ್ದರೆ ಗಿರಾಕಿಯ ಕೈಗೆ 100 ಗ್ರಾಂ ಬರಬೇಕು. ಇಲ್ಲದಿದ್ದರೆ ಕಾನೂನು ಮಾಪನ ಇಲಾಖೆಯವರು ಬರುತ್ತಾರೆ, ಮೊದಲ ಬಲಿ ಅಂಗಡಿಯವರು. ಹಾಗಾಗಿ ವ್ಯಾಪಾರಿಗಳೂ ತಕ್ಕಡಿಗೆ ಹಾಕಿಯೇ ಸೋಪು ಇಳಿಸಿಕೊಳ್ಳುವುದು ಜಾಣತನ.

ವೆಬ್‌ಸೈಟು ಎಂದರೆ ಇನ್ನೊಂದು ಅಂಗಡಿ

ವೆಬ್‌ಸೈಟು ಮಾಡಿಸುವವರು ಮೊದಲು ಕೇಳುವುದು ಮಂಜು, ಬೆಟ್ಟ, ಜಲಪಾತದ ಚಿತ್ರ. ಗಿರಾಕಿ ಕೇಳುವುದು ಬೇರೆ. ಬೆಲೆ ಎಷ್ಟು? ತೂಕ ಎಷ್ಟು? ಒಳಗೆ ಏನೇನು ಹಾಕಿದ್ದೀರಿ? ಅಂಚೆ ವೆಚ್ಚ ಎಷ್ಟು? ಎಷ್ಟು ದಿನಕ್ಕೆ ಬರುತ್ತದೆ? ಒಡೆದು ಬಂದರೆ ಯಾರನ್ನು ಕೇಳಬೇಕು? ಅಂಗಡಿಯಲ್ಲಿ ಈ ಆರು ಪ್ರಶ್ನೆಗೆ ಉತ್ತರ ಹೇಳದ ವ್ಯಾಪಾರಿಯ ಹತ್ತಿರ ಯಾರು ನಿಲ್ಲುತ್ತಾರೆ? ವೆಬ್‌ಸೈಟಿಗೂ ಅದೇ ನ್ಯಾಯ. ಮೊದಲ ಪುಟದಲ್ಲೇ ಉತ್ತರವಿರಬೇಕು, ಕನ್ನಡದಲ್ಲೂ ಇರಬೇಕು. ಸಿಗ್ನಲ್ಲು ಬಂದು ಹೋಗುವ ಊರಿನಲ್ಲೂ ತೆರೆದುಕೊಳ್ಳುವಷ್ಟು ಚಿತ್ರಗಳು ಹಗುರಾಗಿರಬೇಕು.

ಕಾನೂನೂ ಇದನ್ನೇ ಹೇಳುತ್ತದೆ. 2011ರ ಪೊಟ್ಟಣ ಸರಕುಗಳ ನಿಯಮದಂತೆ ತಯಾರಕರ ಹೆಸರು, ಪೂರ್ಣ ವಿಳಾಸ, ನಿವ್ವಳ ತೂಕ, ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಾದ ತಿಂಗಳು-ವರ್ಷ, ದೂರಿಗೆ ಸಂಪರ್ಕ ಇವು ಪೊಟ್ಟಣದ ಮೇಲಿರಬೇಕು. 2018ರ ಜನವರಿಯಿಂದ, ತಯಾರಾದ ತಿಂಗಳೊಂದನ್ನು ಬಿಟ್ಟು, ಈ ವಿವರಗಳು ಆನ್‌ಲೈನ್ ಮಾರಾಟದ ಪುಟದಲ್ಲೂ ಕಾಣಬೇಕು. ಹೊರರಾಜ್ಯಕ್ಕೆ ಸೋಪು ಕಳಿಸುವ ಮುನ್ನ ಜಿಎಸ್‌ಟಿ ನೋಂದಣಿಯ ಬಗ್ಗೆ ಲೆಕ್ಕಿಗರನ್ನು ಕೇಳಿಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪಿನ ತೆರಿಗೆ 18ರಿಂದ ಶೇಕಡಾ 5ಕ್ಕೆ ಇಳಿದಿರುವುದು ಸಮಾಧಾನದ ಸಂಗತಿ.

ಇನ್ನೊಂದು ಮುಖ್ಯ ಮಾತು. ವೆಬ್‌ಸೈಟಿನ ವಿಳಾಸ ಯಾರ ಹೆಸರಲ್ಲಿ ನೋಂದಣಿಯಾಗಿದೆ? ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಈ ವಿಳಾಸವನ್ನು ಮಾಡಿಕೊಟ್ಟವರು ತಮ್ಮ ಹೆಸರಲ್ಲೇ ಇಟ್ಟುಕೊಳ್ಳುವುದುಂಟು. ಮನಸ್ತಾಪ ಬಂದ ದಿನ ಬೀಗದಕೈ ಅವರ ಜೇಬಿನಲ್ಲಿ! ಗುರುತಿನ ಚಿತ್ರವೂ ಹಾಗೆಯೇ. ಹಣ ಕೊಟ್ಟ ಮಾತ್ರಕ್ಕೆ ಹಕ್ಕು ತಾನಾಗಿ ಕೈ ಸೇರಿತು ಎಂದುಕೊಳ್ಳಬಾರದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ ಆಗಬೇಕು, ಸಹಿ ಬೇಕು. ತೋಟ ಕೊಳ್ಳುವಾಗ ಪಹಣಿ ನೋಡದೆ ಹಣ ಕೊಡುವವರಿದ್ದಾರೆಯೇ? ಇಲ್ಲೂ ಪಹಣಿ ಕೇಳಿ.

ಹೆಸರಿಗಿಂತ ಮೊದಲು ಪರವಾನಗಿ

1982ರ ತಿದ್ದುಪಡಿಗೆ ಮುಂಚೆ ಸೋಪು ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯ ಹೊರಗಿತ್ತು. ಈಗ ಒಳಗಿದೆ. 2020ರ ಸೌಂದರ್ಯವರ್ಧಕ ನಿಯಮಗಳಂತೆ ಮಾರಾಟಕ್ಕಾಗಿ ತಯಾರಿಸುವವರು ರಾಜ್ಯದ ಔಷಧ ಪರವಾನಗಿ ಅಧಿಕಾರಿಗಳಿಂದ ಪರವಾನಗಿ ಪಡೆಯಬೇಕು, ಅದರ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಸೊಗಸಾದ ಗುರುತು, ಮಿರುಗುವ ವೆಬ್‌ಸೈಟು ಎಲ್ಲ ಇದ್ದು ಪರವಾನಗಿ ಇಲ್ಲದಿದ್ದರೆ ನೋಟೀಸು ಬರುವುದು ಅದೇ ವೆಬ್‌ಸೈಟಿನ ವಿಳಾಸ ಹಿಡಿದೇ. ಪ್ರಸಿದ್ಧಿಯಾದಷ್ಟೂ ಕಣ್ಣಿಗೆ ಬೀಳುವುದು ಹೆಚ್ಚು.

ಹೆಸರು ದೊಡ್ಡದಾದರೆ ಕಳ್ಳರೂ ಬರುತ್ತಾರೆ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪು ತಯಾರಿಸುವ ಜಾಲ ಸಿಕ್ಕಿಬಿತ್ತು. ಸುಮಾರು 2 ಕೋಟಿ ರೂಪಾಯಿಯ ಸರಕು ಎಂದು ವರದಿಯಾಯಿತು. ಸರ್ಕಾರದ ಕಂಪನಿ ದೂರು ಕೊಡಲು ಸಾಧ್ಯವಾದದ್ದು ಹೆಸರು ಕಾಗದದ ಮೇಲೂ ಅದರದ್ದೇ ಆಗಿದ್ದರಿಂದ.

ಮಾಡಬೇಕಾದ್ದು

2025ರಲ್ಲಿ ಕೊಬ್ಬರಿ ಎಣ್ಣೆ ಕಿಲೋಗೆ 400 ರೂಪಾಯಿ ದಾಟಿತ್ತು. 100 ಗ್ರಾಂ ಸೋಪಿಗೆ 65 ಗ್ರಾಂ ಎಣ್ಣೆ ಎಂದರೂ ಆ ದರದಲ್ಲಿ 26 ರೂಪಾಯಿ ಎಣ್ಣೆಗೇ ಆಯಿತು. ಸೋಡಾ, ಪರಿಮಳ, ಕಾಗದ, ಕೂಲಿ, ಅಂಗಡಿಯವರ ಲಾಭ ಬೇರೆ. ಕಾರ್ಖಾನೆಯ ಹತ್ತು ರೂಪಾಯಿ ಸೋಪಿನ ಜೊತೆ ಬೆಲೆಯಲ್ಲಿ ಹೋರಾಡಿ ಕೈಸೋಪು ಗೆಲ್ಲುವುದಿಲ್ಲ. ಗೆದ್ದರೆ ಹೆಸರಿನಿಂದಲೇ ಗೆಲ್ಲಬೇಕು. ಆ ಹೆಸರು ಕೈತಪ್ಪಿದರೆ ಉಳಿಯುವುದು ಕೂಲಿ ಮಾತ್ರ.

ಒಬ್ಬೊಬ್ಬರೇ ಟ್ರೇಡ್ ಮಾರ್ಕು, ಪರವಾನಗಿ, ವೆಬ್‌ಸೈಟು ಎಂದು ಓಡಾಡುವುದು ಕಷ್ಟ. ಮೂರು ತಾಲ್ಲೂಕಿನ ಸ್ತ್ರೀಶಕ್ತಿ ಸಂಘಗಳು ಕೂಡಿ ಒಂದು ಹೆಸರು ಕಟ್ಟಬಹುದು. ಸಹಕಾರ ನಮಗೆ ಹೊಸ ಪಾಠವಲ್ಲ, ಅಡಿಕೆಯನ್ನು ಹಾಗೆಯೇ ಮಾರುತ್ತಿದ್ದೇವೆ. ಜಿಲ್ಲಾ ಕೈಗಾರಿಕಾ ಕೇಂದ್ರ, ಔಷಧ ನಿಯಂತ್ರಣ ಮತ್ತು ಕಾನೂನು ಮಾಪನ ಇಲಾಖೆಯವರು ವರ್ಷಕ್ಕೊಂದು ದಿನ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಒಟ್ಟಿಗೆ ಕುಳಿತು ಅರ್ಜಿ ತುಂಬಿಸಿಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ದಂಡ ಹಾಕಲು ಶಿವಮೊಗ್ಗದಿಂದ ಬರುವ ಜೀಪು ದಾರಿ ತೋರಿಸಲೂ ಒಮ್ಮೆ ಬರಲಿ.

ಅಂಗಡಿಯವರದೂ ಒಂದು ಪಾಲಿದೆ. ಚೀಟಿಯ ಹಿಂದೆ ತಯಾರಕರ ಹೆಸರು, ಊರು, ಪರವಾನಗಿ ಸಂಖ್ಯೆ ಇರುವ ಸೋಪನ್ನೇ ಕಪಾಟಿನ ಮುಂದಿನ ಸಾಲಿಗೆ ಇಡಲಿ. ಗಿರಾಕಿಗಳೂ ಮುಂದಿನ ಸಲ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಸೋಪು ಕೊಂಡರೆ ಹಸಿರೆಲೆ ನೋಡಿ ಮರುಳಾಗದೆ ಹಿಂದೆ ತಿರುಗಿಸಿ ಓದಲಿ. ಮಾಡಿದ ಊರು ಹೊಸನಗರ, ವಿಳಾಸ ಮಾತ್ರ ಇನ್ನೆಲ್ಲಿಯದೋ ಆಗಿದ್ದರೆ, ಏಕೆ ಹೀಗೆ ಎಂದು ಅಂಗಡಿಯವರನ್ನು ಕೇಳಬಹುದು. ಕೇಳುವುದಕ್ಕೆ ಕಾಸಿಲ್ಲವಲ್ಲ!